ಕುಂಕುಮವಿಟ್ಟ ಮೈನ್ ಸ್ವಿಚ್

ಮೊದಲೇ ಹೇಳಿಬಿಡುತ್ತೇನೆ. ಹೊಳೆನರಸೀಪುರದ ನಮ್ಮ ಕಚೇರಿಗೆ ಆ ವರ್ಷ ಬೆಂಕಿ ಬಿದ್ದದ್ದು ಆಯುಧಪೂಜೆಗೆ ಕಟ್ಟಿದ್ದ ಸೀರಿಯಲ್ ಸೆಟ್ಟಿನಿಂದ. ಆ ಸೆಟ್ಟನ್ನು ತಂದವನು ನಾನಲ್ಲ, ಕಟ್ಟಿದವನೂ ನಾನಲ್ಲ. ಆದರೆ ಅದನ್ನು ಆರಿಸಬಾರದು ಎಂದು ಹೇಳಿದವನು ನಾನು. ವಿಚಾರಣೆಯ ಕಾಗದದಲ್ಲಿ ಈ ಮಾತು ಎಲ್ಲೂ ಇಲ್ಲ. ಆ ಕಾಗದವನ್ನು ಬರೆದದ್ದೂ ನನ್ನ ಕೈಯೇ ಆದ್ದರಿಂದ, ಇಲ್ಲವೆಂಬುದು ನನಗೆ ಚೆನ್ನಾಗಿ ಗೊತ್ತು.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಜಮೀನಿನ ಕಾಗದಪತ್ರ ಇಡುವ ಒಂದು ಕಚೇರಿಯಲ್ಲಿ ನಾನು ಗುಮಾಸ್ತನಾಗಿದ್ದೆ, ಅದೂ ಎರಡನೇ ದರ್ಜೆಯವನು. ನನಗಿಂತ ಕೆಳಗಿದ್ದವರೆಂದರೆ ಜೀಪಿನ ಡ್ರೈವರು, ರಾತ್ರಿ ಕಾವಲಿನವನು, ಮತ್ತೆ ಕಸ ಗುಡಿಸಿ, ಕಡತ ಹೊತ್ತು, ಟೀ ತರುತ್ತಿದ್ದ ಒಬ್ಬ ಹೆಂಗಸು. ವರ್ಷವೆಲ್ಲ ಸಾಹೇಬರು ನನ್ನನ್ನು ‘ರೀ’ ಎಂದೇ ಕರೆಯುತ್ತಿದ್ದರು. ಹೆಸರು ನೆನಪಿಟ್ಟುಕೊಳ್ಳುವ ತಾಪತ್ರಯ ಅವರಿಗಿರಲಿಲ್ಲ. ಒಂದು ದಿನ ಮಾತ್ರ ಬೇರೆ, ಅದು ಆಯುಧಪೂಜೆ. ನಮ್ಮಪ್ಪ ಅರಕಲಗೂಡಿನ ಒಂದು ದೇವಸ್ಥಾನದಲ್ಲಿ ಅರ್ಚಕರು. ಚಿಕ್ಕಂದಿನಲ್ಲಿ ಅವರ ಹಿಂದೆ ಮುಂದೆ ಓಡಾಡಿ ನನಗೂ ಅಷ್ಟಿಷ್ಟು ಮಂತ್ರ ಬಾಯಿಗೆ ಬಂದಿತ್ತು. ಹಾಗಾಗಿ ಕಚೇರಿಯ ಪೂಜೆ ನನ್ನ ಪಾಲಿನದಾಯಿತು. ಆ ದಿನ ನಾನು ಪಂಚೆ ಉಟ್ಟು ಶಲ್ಯ ಹೊದ್ದು ನಿಂತರೆ ಸಾಹೇಬರು ಬೂಟು ಕಳಚಿ ನನ್ನೆದುರು ಕೈಮುಗಿಯಬೇಕು. ಕೂರಿ ಎಂದರೆ ಕೂರಬೇಕು, ಏಳಿ ಎಂದರೆ ಏಳಬೇಕು. ಇದರಿಂದ ನನಗೆ ಎಷ್ಟು ಜಂಭ ಬರುತ್ತಿತ್ತೆಂದು ನೆನೆದರೆ ಈಗ ನಾಚಿಕೆಯಾಗುತ್ತದೆ.

ಆ ಹೆಂಗಸು ಹಳೇಕೋಟೆ ಕಡೆಯವರು. ನನಗಿಂತ ಏಳೆಂಟು ವರ್ಷಕ್ಕೆ ದೊಡ್ಡವರು. ಗಂಡ ತೀರಿಕೊಂಡಿದ್ದ, ಇದ್ದವಳು ಒಬ್ಬಳೇ ಮಗಳು. ಹಣೆಯಲ್ಲಿ ವಿಭೂತಿ ಇಲ್ಲದೆ ಅವರು ಕಚೇರಿಯ ಮೆಟ್ಟಿಲು ಹತ್ತಿದ್ದನ್ನು ನಾನು ಕಾಣೆ. ಆಗ ನಾನು ಅವರನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದೆ. ಹಾಗೆ ಬರೆಯಲು ಈಗ ಕೈ ಏಳುವುದಿಲ್ಲ. ಹನ್ನೊಂದು ವರ್ಷದಿಂದ ಅವರದು ದಿನಗೂಲಿ. ಖಾಯಂ ಮಾಡಬೇಕಾದವರ ಪಟ್ಟಿ ಆ ವರ್ಷ ಹಾಸನದ ಮೇಲಿನ ಕಚೇರಿಗೆ ಹೋಗಿತ್ತು, ಅದರಲ್ಲಿ ಅವರ ಹೆಸರೂ ಇತ್ತು. ‘ಪಟ್ಟಿ ಬಂತಾ ಸಾ?’ ಎಂದು ವಾರಕ್ಕೊಂದು ಸಲ ನನ್ನ ಮೇಜಿನ ಹತ್ತಿರ ಬಂದು ಮೆಲ್ಲಗೆ ಕೇಳುತ್ತಿದ್ದರು. ಆ ಪಟ್ಟಿ ಬರುವ ತನಕ ತನ್ನ ಮೇಲೆ ಯಾರೂ ಒಂದು ಮಾತು ಆಡುವಂತಾಗಬಾರದು ಎಂಬುದೊಂದೇ ಅವರ ಚಿಂತೆ. ಅದಕ್ಕಾಗಿ ನಾವು ಹೇಳಿದ್ದನ್ನೆಲ್ಲ ಎರಡು ಮಾತಿಲ್ಲದೆ ಮಾಡುತ್ತಿದ್ದರು.

ಇನ್ನು ಆ ಸೀರಿಯಲ್ ಸೆಟ್ಟು. ಹಾಸನದಿಂದ ಯಾವಾಗಲೋ ಕೊಂಡು ತಂದದ್ದು. ಒಂದೊಂದು ಸರದಲ್ಲಿ ನಲವತ್ತಕ್ಕೂ ಮೇಲೆ ಪುಟ್ಟ ಬಲ್ಬು. ಅದರ ಕಟ್ಟೋಣ ಹೇಗೆಂದರೆ, ಒಂದು ಬಲ್ಬು ಸುಟ್ಟರೆ ಇಡೀ ಸರ ಕತ್ತಲೆ. ನಮ್ಮ ಡ್ರೈವರು ಇದಕ್ಕೆ ಸುಲಭದ ಉಪಾಯ ಕಂಡುಕೊಂಡಿದ್ದ. ಸುಟ್ಟ ಬಲ್ಬನ್ನು ಕಿತ್ತೆಸೆದು, ಎರಡು ತುದಿಯ ತಂತಿಯನ್ನು ಹಲ್ಲಿನಲ್ಲಿ ಸುಲಿದು, ತಿರುಚಿ ಸೇರಿಸಿಬಿಡುವುದು. ಸರ ಮತ್ತೆ ಉರಿಯುತ್ತಿತ್ತು. ವರ್ಷಕ್ಕೆ ನಾಲ್ಕು ಬಲ್ಬು ಹೋಗಲಿ, ಐದು ಹೋಗಲಿ, ಇದೇ ಚಿಕಿತ್ಸೆ. ನಲವತ್ತು ಬಲ್ಬು ಹಂಚಿಕೊಳ್ಳಬೇಕಾದ ಕರೆಂಟಿನ ಭಾರವನ್ನು ಇಪ್ಪತ್ತೈದು ಬಲ್ಬು ಹೊರುತ್ತಿವೆ ಎಂಬುದು ನಮ್ಮಲ್ಲಿ ಯಾರ ತಲೆಗೂ ಹೊಳೆಯಲಿಲ್ಲ. ವರ್ಷದಿಂದ ವರ್ಷಕ್ಕೆ ಬೆಳಕು ಹೆಚ್ಚಾಗುತ್ತಿತ್ತು, ಅಷ್ಟೇ ನಮಗೆ ಕಂಡದ್ದು. ‘ಹಳೇ ಮಾಲು ಅಂದ್ರೆ ಹಳೇ ಮಾಲು ಕಣ್ರೀ, ನೋಡಿ ಹೆಂಗೆ ಉರೀತದೆ’ ಎಂದು ಸಾಹೇಬರೇ ಮೆಚ್ಚಿಕೊಂಡಿದ್ದರು.

ಆ ರಸ್ತೆಯಲ್ಲಿ ನಮ್ಮದೂ ಸೇರಿ ನಾಲ್ಕಾರು ಕಚೇರಿಗಳಿದ್ದವು. ಯಾರ ಅಲಂಕಾರ ಹೆಚ್ಚು ಎಂದು ಒಳಗೊಳಗೇ ಪೈಪೋಟಿ. ಆ ವರ್ಷ ಪಕ್ಕದ ಕಚೇರಿಯವರು ಮಿನುಗುವ ನಕ್ಷತ್ರ ತರಿಸಿದ್ದಾರೆಂದು ಸುದ್ದಿ ಬಂದದ್ದೇ ತಡ, ಸಾಹೇಬರು ಥರ್ಮಾಕೋಲಿನ ಮಂಟಪ ಮಾಡಿಸಿದರು. ಕಡತದ ಬೀರುಗಳಿದ್ದ ಹಾಲಿನ ನಡುವೆಯೇ ಅದನ್ನು ನಿಲ್ಲಿಸಿದೆವು. ಮಂಟಪದ ಕಂಬಗಳಿಗೆ ತೂತು ಕೊರೆದು ಒಳಗಡೆಯಿಂದ ಬಲ್ಬು ತೂರಿಸಿದರು. ಮೇಲಿನಿಂದ ಬೀರುಗಳವರೆಗೆ ಬಣ್ಣದ ಕಾಗದದ ಸರಪಳಿ. ಪ್ಲಗ್ಗು ಯಾವತ್ತೋ ಕಳೆದುಹೋಗಿತ್ತು. ಬರಿಯ ತಂತಿಯ ತುದಿಗಳನ್ನು ಸಾಕೆಟ್ಟಿನ ತೂತಿಗೆ ಇಳಿಸಿ, ಜಾರದಿರಲೆಂದು ಎರಡು ಬೆಂಕಿಕಡ್ಡಿ ಸಿಕ್ಕಿಸಿದ್ದಾಯಿತು. ಬೆಳಿಗ್ಗೆಯೇ ಎರಡು ಸಲ ಫ್ಯೂಸು ಹೋಯಿತು. ಡ್ರೈವರು ದಪ್ಪ ತಾಮ್ರದ ತಂತಿ ಹಾಕಿ, ‘ಇನ್ನು ಓಗಾಕಿಲ್ಲ ಬುಡಿ ಸಾ’ ಎಂದು ಕೈ ಒರೆಸಿಕೊಂಡ. ನಾವೆಲ್ಲ ಅವನನ್ನು ಹೊಗಳಿದೆವು.

ಬಾಗಿಲಿಗೆ ಬಾಳೆಕಂದು ನಿಲ್ಲಿಸಬೇಕಲ್ಲ, ಮಣ್ಣು ತರುವವರು ಯಾರು? ಬೆಂಕಿ ಬಿದ್ದರೆ ಸುರಿಯಲೆಂದು ವರಾಂಡದಲ್ಲಿ ನೇತು ಹಾಕಿದ್ದ ಕೆಂಪು ಬಕೆಟ್ಟುಗಳಲ್ಲಿ ಮರಳಿತ್ತು. ಅವನ್ನು ಇಳಿಸಿ ಬಾಳೆಕಂದು ನೆಟ್ಟೆವು. ಗೋಡೆಯಲ್ಲಿದ್ದ ಬೆಂಕಿ ಆರಿಸುವ ಸಿಲಿಂಡರನ್ನು ತೊಳೆದು, ಮೂರು ಗೆರೆ ವಿಭೂತಿ ಎಳೆದು, ಚೆಂಡುಹೂವಿನ ಹಾರ ಹಾಕಿ, ಟೈಪ್‌ರೈಟರು, ಸ್ಟೇಪ್ಲರು, ಜೀಪಿನ ಜಾಕ್ ಇವುಗಳ ಜೊತೆ ಮಂಟಪದೊಳಗೆ ಕೂರಿಸಿದೆ. ಅದೂ ಆಯುಧವೇ ತಾನೇ ಎಂದು ನಾನೇ ಹೇಳಿದ್ದು. ಕೊನೆಗೆ ಬಾಗಿಲ ಪಕ್ಕದ ಮೈನ್ ಸ್ವಿಚ್ಚಿಗೂ ಅರಿಶಿನ ಕುಂಕುಮ ಇಟ್ಟು, ಹಿಡಿಗೆ ಹೂವು ಸುತ್ತಿದೆ. ಬೆಂಕಿಯನ್ನು ತಡೆಯಲೆಂದು ಆ ಕಟ್ಟಡದಲ್ಲಿ ಏನೇನಿತ್ತೋ ಅಷ್ಟನ್ನೂ ಆ ಬೆಳಿಗ್ಗೆ ನಾವು ದೇವರು ಮಾಡಿ ಮುಗಿಸಿದ್ದೆವು.

ಮಂಗಳಾರತಿಯಾಯಿತು. ಬೂದುಗುಂಬಳಕಾಯಿ ಒಡೆದದ್ದಾಯಿತು. ಆಗ ನನಗೆ ಮಾತಿನ ಹುಮ್ಮಸ್ಸು ಬಂತು. ಎಲ್ಲರೂ ನಿಂತಿದ್ದರು, ಸಾಹೇಬರೂ ನಿಂತಿದ್ದರು. ಪೂಜೆಗಿಟ್ಟ ಆಯುಧವನ್ನು ನಾಳೆ ವಿಜಯದಶಮಿಯ ಪುನಃಪೂಜೆ ಆಗುವ ತನಕ ಎತ್ತಬಾರದೆಂಬುದು ಎಲ್ಲರ ಮನೆಯಲ್ಲೂ ಇರುವ ಪದ್ಧತಿ. ನಾನು ಅಷ್ಟಕ್ಕೆ ನಿಲ್ಲಬಹುದಿತ್ತು. ನಿಲ್ಲಲಿಲ್ಲ. ‘ಮೈನ್ ಸ್ವಿಚ್ಚಿಗೂ ಪೂಜೆಯಾಗಿದೆ. ಅದನ್ನೂ ನಾಳೆವರೆಗೆ ಯಾರೂ ಮುಟ್ಟಕೂಡದು. ಹಚ್ಚಿದ ದೀಪ ನಡುವೆ ಆರಬಾರದು, ಸೀರಿಯಲ್ ಸೆಟ್ಟೂ ದೀಪವೇ’ ಎಂದೆ. ಸಾಹೇಬರು ಗಂಭೀರವಾಗಿ ತಲೆಯಾಡಿಸಿದರು. ಅವರು ತಲೆಯಾಡಿಸಿದ್ದನ್ನು ನೋಡಿ ನನಗೆ ಒಳಗೇ ಖುಷಿಯಾಯಿತು.

ಮಧ್ಯಾಹ್ನದ ಹೊತ್ತಿಗೆ ಕಡ್ಲೆಪುರಿ, ಸಿಹಿಯ ಪೊಟ್ಟಣ ಹಿಡಿದುಕೊಂಡು ಎಲ್ಲರೂ ಹೊರಟರು. ಕಾವಲಿನವನು ಹಬ್ಬಕ್ಕೆ ರಜೆ ಹಾಕಿದ್ದ. ಸಂಜೆ ಜನ ಅಲಂಕಾರ ನೋಡಲು ಬರುತ್ತಾರೆ, ಎಂಟು ಗಂಟೆಗೆ ಬಾಗಿಲು ಹಾಕಿಕೊಂಡು ಹೋಗು, ದೀಪ ಉರಿಯುತ್ತಿರಲಿ ಎಂದು ಸಾಹೇಬರು ಆ ಹೆಂಗಸಿಗೆ ಹೇಳಿದರು. ಅವರು ಆವತ್ತು ಪೇಟೆಯಲ್ಲೇ ನೆಂಟರ ಮನೆಯಲ್ಲಿ ಉಳಿಯುವುದೆಂದು ಮಾಡಿಕೊಂಡರು. ಕೊನೆಗೆ ಉಳಿದವರು ನಾವಿಬ್ಬರೇ. ನಾನು ಶಲ್ಯ ಮಡಿಸುತ್ತಿದ್ದೆ, ಅವರು ಮಂಟಪದ ಬುಡದಲ್ಲಿ ಹೂವಿನ ಕಸ ಗುಡಿಸುತ್ತಿದ್ದರು. ಪೊರಕೆ ನಿಂತಿತು.

‘ಸಾ, ಈ ವೈರು ಸುಡ್ತಾ ಐತಲ್ಲ ಸಾ. ಕಾದ ಬಾಣ್ಲಿ ಮುಟ್ದಂಗಾಯ್ತದೆ.’

ನಾನು ಹೋಗಿ ಮುಟ್ಟಿದೆ. ಬಿಸಿಯಾಗಿತ್ತು. ಸಾಕೆಟ್ಟಿನ ಹತ್ತಿರ ಹಳೆಯ ರಬ್ಬರು ಕಾದಂಥ ವಾಸನೆಯೂ ಇತ್ತು.

‘ಒಂದೀಟೊತ್ತು ಆರಿಸ್ಬುಡ್ಲಾ? ಕತ್ತಲಾಗೋ ಒತ್ಗೆ ಮತ್ತೆ ಆಕ್ತೀನಿ’ ಎಂದು ಅವರು ಮೈನ್ ಸ್ವಿಚ್ಚಿನ ಕಡೆಗೆ ಕೈ ಚಾಚಿದರು. ಸಾಕೆಟ್ಟಿನ ಪಕ್ಕದಲ್ಲಿ ಬೇರೆ ಸ್ವಿಚ್ಚಿತ್ತು ನಿಜ, ಅದು ಮುರಿದು ಎಷ್ಟೋ ಕಾಲವಾಗಿತ್ತು. ಆರಿಸುವುದೆಂದರೆ ಮೈನೇ ಎಳೆಯಬೇಕು.

ಆಗ ನನ್ನ ತಲೆಯಲ್ಲಿ ಓಡಿದ್ದನ್ನು ಮುಚ್ಚಿಡದೆ ಹೇಳುತ್ತೇನೆ. ತಂತಿ ಬಿಸಿಯಾಗಿರುವುದು ಒಳ್ಳೆಯದಲ್ಲ ಎಂದು ನನಗೆ ಗೊತ್ತಾಗಿತ್ತು. ಆದರೆ ಬೆಳಿಗ್ಗೆ ಸಾಹೇಬರೆದುರು ಅಷ್ಟು ಗತ್ತಿನಿಂದ ಆಡಿದ ಮಾತನ್ನು ಮಧ್ಯಾಹ್ನಕ್ಕೇ ನಾನೇ ಮುರಿದರೆ, ಅದು ನಾಳೆ ಡ್ರೈವರಿನ ಬಾಯಿಗೆ ಬಿದ್ದರೆ? ‘ಬೇಡ’ ಎಂದೆ. ಅಷ್ಟೇ ಅಂದಿದ್ದರೆ ಅವರು ನಾನು ಹೋದ ಮೇಲೆ ಆರಿಸುತ್ತಿದ್ದರೋ ಏನೋ. ಆ ಅನುಮಾನ ನನಗೂ ಬಂತು. ಅದಕ್ಕೇ ಸೇರಿಸಿದೆ: ‘ಪೂಜೆ ಆಗಿರೋದನ್ನ ಮುಟ್ಟಿದ್ರೆ ಮನೆಗೆ ಒಳ್ಳೇದಾಗಲ್ಲ ಕಣಮ್ಮ. ಹೆಣ್ಣುಮಗು ಇರೋ ಮನೆ ನಿನ್ನದು. ನೋಡು ಮತ್ತೆ.’

ಅವರು ತಟ್ಟನೆ ಕೈ ಹಿಂದಕ್ಕೆ ತೆಗೆದುಕೊಂಡು ಕೆನ್ನೆ ಬಡಿದುಕೊಂಡರು. ನಾನು ಪೊಟ್ಟಣ ತೆಗೆದುಕೊಂಡು ಮನೆಗೆ ಹೋಗಿ ಹೋಳಿಗೆ ಊಟ ಮಾಡಿ ಮಲಗಿದೆ.

ಮುಸ್ಸಂಜೆಗೆ ಹೆಂಡತಿಯನ್ನು ಕರೆದುಕೊಂಡು ಅಲಂಕಾರ ತೋರಿಸಲು ಹೊರಟೆ. ರಸ್ತೆಯ ತುಂಬ ಜನ. ನಮ್ಮ ಕಚೇರಿಯ ಮುಂದೆಯೇ ಗುಂಪು ಹೆಚ್ಚಾಗಿತ್ತು. ನನಗೆ ಹೆಮ್ಮೆ. ‘ನಿಮ್ಮದೇ ಚೆನ್ನಾಗಿದೆ ಈ ಸಲ’ ಎಂದಳು ಅವಳು. ಕಿಟಕಿಯ ಗಾಜಿನ ಹಿಂದೆ ಕಿತ್ತಳೆ ಬಣ್ಣದ ಬೆಳಕು ಏಳುತ್ತ ಬೀಳುತ್ತ ಇತ್ತು. ಪಕ್ಕದ ಕಚೇರಿಯ ನಕ್ಷತ್ರಕ್ಕಿಂತ ಇದೇ ಹೊಸತರದ್ದು ಎಂದು ಯಾರೋ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ತೋರಿಸುತ್ತಿದ್ದರು. ಹೆಂಡತಿ ಮತ್ತೊಮ್ಮೆ ನೋಡಿ, ‘ಅಲ್ಲಾ, ಒಳಗಿನ ದೀಪ ಯಾಕೆ ಹಾಗೆ ಕುಣೀತಿದೆ?’ ಎಂದಳು. ನಮ್ಮ ಸರಗಳು ಕುಣಿಯುವ ಜಾತಿಯವಲ್ಲ.

ಓಡಿದೆ. ಬಾಗಿಲಲ್ಲೇ ಕಪ್ಪು ಹೊಗೆ ಮುಖಕ್ಕೆ ರಾಚಿತು. ಮಂಟಪ ಕರಗಿ ಉರಿಯುವ ಹನಿಯಾಗಿ ನೆಲಕ್ಕೆ ಬೀಳುತ್ತಿತ್ತು. ಅದರೊಳಗೆ ಆ ಸಿಲಿಂಡರು ಹಾರ ಹಾಕಿಕೊಂಡು ಕೂತಿತ್ತು, ಹತ್ತಿರ ಹೋಗುವಂತಿರಲಿಲ್ಲ. ಅಷ್ಟು ಬೆಂಕಿಯಲ್ಲೂ ಬಾಗಿಲಿನ ಕಡೆಯ ಒಂದು ಸರ ಇನ್ನೂ ಉರಿಯುತ್ತಲೇ ಇತ್ತು, ಕೆಂಪು, ಹಸಿರು, ಹಳದಿ. ಆ ಬೆಳಕಿನಲ್ಲಿ ಆ ಹೆಂಗಸು ಕಂಡರು. ಬೀರುಗಳ ಕಡೆ ಹಬ್ಬುತ್ತಿದ್ದ ಕಾಗದದ ಸರಪಳಿಯನ್ನು, ಅದರೊಳಗಿನ ತಂತಿ ಸಮೇತ, ಎರಡೂ ಕೈಯಿಂದ ಹಿಡಿದು ಎಳೆಯುತ್ತಿದ್ದರು. ಮೈನ್ ಸ್ವಿಚ್ಚಿದ್ದದ್ದು ಬಾಗಿಲಲ್ಲಿ, ಅವರಿದ್ದ ಜಾಗದಿಂದ ಹತ್ತು ಹೆಜ್ಜೆ.

ನಾನು ಕೈ ಎತ್ತಿ ಅದರ ಹಿಡಿಯನ್ನು ಹೂವಿನ ಸಮೇತ ಕೆಳಕ್ಕೆ ಎಳೆದೆ. ಯೋಚಿಸಲಿಲ್ಲ, ಹಿಂದೆ ಮುಂದೆ ನೋಡಲಿಲ್ಲ, ಒಂದು ಗಳಿಗೆಯೂ ಹಿಡಿಯಲಿಲ್ಲ. ಕುಂಕುಮ ಬೆರಳಿಗೆ ಅಂಟಿತು. ಅವರು ತಿರುಗಿ ನನ್ನನ್ನು ನೋಡಿದ್ದು ನನಗೆ ನೆನಪಿದೆ.

ಆಮೇಲೆ ಜನ ಒಳಗೆ ನುಗ್ಗಿದರು. ಯಾರೋ ಬಾಳೆಕಂದು ಕಿತ್ತು ಬಿಸಾಕಿ ಮರಳು ಎರಚಿದರು. ಎದುರು ಹೋಟೆಲಿನಿಂದ ಕೊಡಗಟ್ಟಲೆ ನೀರು ಬಂತು. ಬೆಂಕಿ ಆರಿತು. ಎರಡು ಬೀರು ಸುಟ್ಟಿದ್ದವು, ಉಳಿದವು ಅವರ ಕೈಯಿಂದ ಉಳಿದವು. ಅವರನ್ನು ಜೀಪಿನಲ್ಲಿ ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ ಅವರು ಅಳಲಿಲ್ಲ. ‘ಪಟ್ಟಿಗೇನೂ ತೊಂದ್ರೆ ಆಗಾಕಿಲ್ಲ ಅಲ್ವಾ ಸಾ?’ ಎಂದು ಎರಡು ಸಲ ಕೇಳಿದರು. ಇಲ್ಲ ಎಂದೆ.

ಮೂರನೇ ವಾರ ಮೇಲಿನ ಕಚೇರಿಯಿಂದಲೇ ಒಬ್ಬ ಹಿರಿಯ ಅಧಿಕಾರಿ ವಿಚಾರಣೆಗೆ ಬಂದರು, ಆಸ್ಪತ್ರೆಯ ಮಂಚದ ಪಕ್ಕಕ್ಕೇ. ನನ್ನ ಅಕ್ಷರ ಚೆನ್ನಾಗಿದೆಯೆಂದು ಹೇಳಿಕೆ ಬರೆದುಕೊಳ್ಳಲು ಸಾಹೇಬರು ನನ್ನನ್ನೇ ಕರೆದುಕೊಂಡು ಹೋಗಿದ್ದರು. ‘ವೈರು ಬಿಸಿಯಾಗಿದೆ ಅಂತ ಗೊತ್ತಾಗಲಿಲ್ವಾ? ಯಾಕೆ ಆರಿಸಲಿಲ್ಲ?’ ಎಂದರು ಅಧಿಕಾರಿ. ಮಂಚದ ಮೇಲಿದ್ದ ಅವರು ನನ್ನ ಮುಖ ನೋಡಿದರು. ನಾನು ಪೆನ್ನಿನ ಮೊನೆ ನೋಡಿದೆ. ಸಾಹೇಬರು ಕಿಟಕಿಯಾಚೆ ಏನನ್ನೋ ನೋಡುತ್ತಿದ್ದರು.

‘ಮರ್ತೋಯ್ತು ಸಾ’ ಎಂದರು ಅವರು.

‘ದೀಪಗಳನ್ನು ಆರಿಸಲು ಮರೆತದ್ದು ನನ್ನದೇ ತಪ್ಪು’ ಎಂದು ನಾನು ದುಂಡಗೆ ಬರೆದೆ. ಬಲಗೈಗೆ ಪೂರ್ತಿ ಬ್ಯಾಂಡೇಜಿತ್ತು. ಎಡಗೈಯ ಹೆಬ್ಬೆರಳು ಮಾತ್ರ ಹೊರಗಿತ್ತು. ಅದಕ್ಕೆ ಶಾಯಿ ಹಚ್ಚಿ ಒತ್ತಿಸಿದವನೂ ನಾನೇ. ಬಾಯಿ ಬಿಡಲು ನನಗೆ ಆಗ ಬೇಕಾದಷ್ಟು ಹೊತ್ತಿತ್ತು. ಬಿಡಲಿಲ್ಲ. ನನಗೆ ಹೆದರಿಕೆಯಾಗಿತ್ತು, ನೌಕರಿ ಹೋಗುತ್ತದೆಂಬ ಹೆದರಿಕೆ. ಇದಕ್ಕಿಂತ ದೊಡ್ಡ ಕಾರಣವೇನೂ ನನ್ನಲ್ಲಿರಲಿಲ್ಲ. ಎರಡು ತಿಂಗಳ ಮೇಲೆ ಪಟ್ಟಿ ಬಂತು. ಅವರ ಹೆಸರಿನ ಮೇಲೆ ಅಡ್ಡಗೆರೆ ಎಳೆದಿದ್ದರು. ಇದ್ದ ದಿನಗೂಲಿಯೂ ಹೋಯಿತು. ಆ ಕಾಗದವನ್ನು ಅವರ ಊರಿಗೆ ಅಂಚೆಯಲ್ಲಿ ಕಳಿಸಿದೆ, ಹೋಗಿ ಕೊಡುವ ಮುಖ ನನಗಿರಲಿಲ್ಲ.

ಆ ಚಳಿಗಾಲದಲ್ಲಿ ಅರಕಲಗೂಡಿಗೆ ಹೋದಾಗ ಅಪ್ಪನನ್ನು ಕೇಳಿದೆ. ಪೂಜೆ ಮಾಡಿದ ಸ್ವಿಚ್ಚನ್ನು ಮುಟ್ಟಿದರೆ ದೋಷವೇ ಎಂದು. ಅಪ್ಪ ದೇವಸ್ಥಾನದ ದೀಪದ ಕಂಬ ಉಜ್ಜುತ್ತಿದ್ದರು. ತಲೆ ಎತ್ತದೆ, ‘ಯಾವ ಮುಂಡೇದು ಹೇಳಿದ್ದು ಹಾಗಂತ? ಗರ್ಭಗುಡಿಯಲ್ಲಿ ಪರದೆಗೆ ಕಿಡಿ ತಾಗಿದರೆ ನಾನು ಮೊದಲು ದೀಪ ಆರಿಸ್ತೀನಿ, ಆಮೇಲೆ ದೇವರಿಗೆ ತಪ್ಪಾಯ್ತು ಅಂತೀನಿ’ ಎಂದರು. ಯಾರು ಹೇಳಿದ್ದೆಂದು ನಾನು ಅಪ್ಪನಿಗೂ ಹೇಳಲಿಲ್ಲ.

ಮುಂದೆ ನನಗೆ ಚನ್ನರಾಯಪಟ್ಟಣಕ್ಕೆ ವರ್ಗವಾಯಿತು. ಅಲ್ಲಿ ಪೂಜೆಗೆ ಕೂರಲು ಒಪ್ಪಲಿಲ್ಲ, ಮಂತ್ರ ಮರೆತಿದೆ ಎಂದೆ. ಎರಡು ಸಾವಿರದ ನಂತರ ಅಗ್ಗದ ಸೆಟ್ಟುಗಳು ರಾಶಿ ಬಿದ್ದವು; ಕಚೇರಿ, ಬ್ಯಾಂಕು, ಬಟ್ಟೆ ಅಂಗಡಿ ಎಲ್ಲೆಲ್ಲೂ ದಸರೆಯಿಂದ ಹೊಸ ವರ್ಷದವರೆಗೆ ಅವೇ ಜೋತಾಡುತ್ತಿದ್ದವು. ನಾನು ಯಾವ ಕಟ್ಟಡಕ್ಕೆ ಹೋದರೂ ಮೊದಲು ಸಾಕೆಟ್ಟು ನೋಡುತ್ತೇನೆ, ತಂತಿ ಮುಟ್ಟುತ್ತೇನೆ, ಮೈನ್ ಎಲ್ಲಿದೆ ಎಂದು ಕೇಳುತ್ತೇನೆ. ಬೆಂಕಿಕಡ್ಡಿ ಸಿಕ್ಕಿಸಿದ್ದು ಕಂಡರೆ ಜಗಳಕ್ಕೇ ನಿಲ್ಲುತ್ತೇನೆ. ಬಟ್ಟೆ ಅಂಗಡಿಯವನೊಬ್ಬ ‘ನೀವು ಸೀರೆ ತಗೊಳ್ಳೋಕೆ ಬಂದ್ರಾ, ಕರೆಂಟ್ ರಿಪೇರಿಗೆ ಬಂದ್ರಾ?’ ಎಂದು ಕೇಳಿಯೂಬಿಟ್ಟ. ಹೆಂಡತಿ ನನ್ನ ಜೊತೆ ಅಂಗಡಿಗೆ ಬರುವುದನ್ನೇ ಬಿಟ್ಟಳು. ಹಬ್ಬದ ದಿನ ಕಚೇರಿಯಿಂದ ಎಲ್ಲರೂ ಹೋದ ಮೇಲೆ ನಾನೇ ಕೊನೆಗೆ ನಿಂತು ಮೈನ್ ಎಳೆದು ಹೋಗುತ್ತಿದ್ದೆ. ಇದನ್ನೆಲ್ಲ ಮಾಡಿದರೆ ಸರಿಹೋಗುತ್ತದೆ ಎಂದೇನೂ ನಾನು ಅಂದುಕೊಂಡಿರಲಿಲ್ಲ.

ಒಂದು ಮಧ್ಯಾಹ್ನ ಚನ್ನರಾಯಪಟ್ಟಣದ ಬಸ್ ನಿಲ್ದಾಣದಲ್ಲಿ ಅವರು ಸಿಕ್ಕರು. ಅವರೇ ಗುರುತು ಹಿಡಿದು ‘ಸಾ’ ಎಂದು ಕೂಗಿದ್ದು. ಕೂದಲು ನರೆತಿತ್ತು, ವಿಭೂತಿ ಹಾಗೇ ಇತ್ತು. ಮಗಳನ್ನು ಜಿನನಾಥಪುರದ ಹತ್ತಿರ ಕೊಟ್ಟಿದ್ದಾರಂತೆ, ಅಲ್ಲಿಗೆ ಹೊರಟಿದ್ದರು. ಬಲಗೈಯ ಬೆರಳುಗಳು ಒಂದಕ್ಕೊಂದು ಅಂಟಿಕೊಂಡು ಒಳಕ್ಕೆ ಮಡಿಚಿದ್ದವು. ಚೀಲವನ್ನು ಮುಂಗೈಗೆ ನೇತು ಹಾಕಿಕೊಂಡಿದ್ದರು. ನಾನು ಏನು ಮಾತಾಡಬೇಕೆಂದು ತಿಳಿಯದೆ ಮಗಳ ಬಗ್ಗೆ, ಮಳೆಯ ಬಗ್ಗೆ ಕೇಳಿದೆ.

‘ಎಲ್ಲಾ ಚಂದಾಗವ್ರೆ. ನೀವು ಎಂಗಿದ್ದೀರಿ ಸಾ? ಮನ್ಲಿ ಮಕ್ಳು ಮರಿ? ಯಾರ್ಗೂ ಏನೂ ತೊಂದ್ರೆ ಆಗ್ನಿಲ್ವಲ್ಲ?’

ಇಲ್ಲವಲ್ಲ, ಯಾಕೆ ಎಂದೆ.

‘ಅವತ್ತು ಪೂಜೆ ಆಗಿದ್ದ ಸುಚ್ಚ ನೀವು ಎಳ್ದ್ರಲ್ಲ ಸಾ. ನನ್ ಉಳ್ಸಕ್ಕೋಸ್ಕರ ಆ ದೋಸ ನಿಮ್ ತಲೆ ಮ್ಯಾಲೆ ಆಕ್ಕಂಡ್ರಲ್ಲ ಅಂತ ನಂಗೆ ಒಂದೇ ಯೋಚ್ನೆ. ಅದ್ಕೇ ವಿಚಾರ್ಣೆಲಿ ನಿಮ್ಮೆಸ್ರು ಎತ್ನಿಲ್ಲ. ದೇವ್ರು ಕೊಡೋದು ಒಂದು, ಸರ್ಕಾರ್ದೋರು ಕೊಡೋದು ಇನ್ನೊಂದು, ಎರಡೂ ನಿಮ್ಗ್ಯಾಕೆ ಅಂತ. ವರ್ಸಾ ವರ್ಸಾ ಆಯುದ್ಪೂಜೆ ದಿನ ನಿಮ್ಮೆಸ್ರಲ್ಲಿ ಒಂದು ಕಾಯಿ ಒಡಿಸ್ತೀನಿ ಸಾ.’

ಅಲ್ಲಿ ಜನರಿದ್ದರು, ಕಂಡಕ್ಟರುಗಳು ಊರಿನ ಹೆಸರು ಕೂಗುತ್ತಿದ್ದರು. ಈ ಸಲವೂ ಸುಮ್ಮನಿದ್ದುಬಿಡಬಹುದಿತ್ತು. ಇರಲಾಗಲಿಲ್ಲ.

‘ದೋಷ ಅಂತ ಏನೂ ಇರಲಿಲ್ಲ ಕಣಮ್ಮ’ ಎಂದೆ. ‘ಯಾವ ಶಾಸ್ತ್ರದಲ್ಲೂ ಇಲ್ಲ. ನಾನೇ ದೊಡ್ಡಸ್ತಿಕೆಗೆ ಹೇಳಿದ್ದು. ನಿನ್ನ ಮಗಳ ವಿಷಯ ತೆಗೆದದ್ದೂ ನೀನು ಹೆದರಿಕೊಳ್ಳಲಿ ಅಂತ.’

ಅವರು ನನ್ನನ್ನು ಬಯ್ಯುತ್ತಾರೆಂದು ಕಾದೆ. ಅವರು ಬಯ್ಯಲಿಲ್ಲ. ಎಡಗೈಯಿಂದ ಬಲಗೈಯ ಮಡಿಚಿದ ಬೆರಳುಗಳನ್ನು ಹಿಡಿದುಕೊಂಡರು.

‘ಅಂಗಾರೆ ನಾನು ಆರಿಸ್ಬೋದಿತ್ತಾ ಸಾ?’

‘ಆರಿಸಬಹುದಿತ್ತು’ ಎಂದೆ.